ಶಾಲೆ ಶುರುವಾಗುವ ಹೊತ್ತಿಗೆ: ಇಗರ್ಜಿ ಶಾಲೆಯ ಎಚ್‌.ಎಂ. ಒಬ್ಬಳ ಅನುಭವ

ಕರಾವಳಿಯಲ್ಲಿ ಶಾಲೆಯೂ ಮಳೆಯೂ ಒಟ್ಟಿಗೇ ಶುರು. ಮೇ ತಿಂಗಳ ಕೊನೆಗೆ ಇಲಾಖೆಯ ಸುತ್ತೋಲೆ ಬರುತ್ತದೆ: ಪ್ರಾರಂಭೋತ್ಸವ ಮಾಡಿ, ತಳಿರು ತೋರಣ ಕಟ್ಟಿ, ಬಿಸಿಯೂಟದಲ್ಲಿ ಸಿಹಿ ಮಾಡಿ. ಅದೇ ಹೊತ್ತಿಗೆ ಮಾಡಿನ ಒಡೆದ ಹಂಚು ಬದಲಿಸಬೇಕು, ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಬೇಕು, ಕಟ್ಟಡದ ಕಡೆ ಬಾಗಿದ ಮರದ ಗೆಲ್ಲು ಕಡಿಸಬೇಕು, ಬಾವಿಗೆ ಹಾಕಿದ ಬಲೆ ಗಟ್ಟಿ ಉಂಟೋ ನೋಡಬೇಕು. ಇಷ್ಟರ ನಡುವೆ ಸ್ವಾಗತ ಎಂದರೆ ಮೈಕು, ಬಲೂನು, ಅತಿಥಿಗಳ ಭಾಷಣ ಎಂಬಲ್ಲಿಗೆ ಬಂದು ನಿಲ್ಲುವುದು ಸುಲಭ.

ಬಂಟ್ವಾಳ ತಾಲೂಕಿನಲ್ಲಿ ಇಗರ್ಜಿಯ, ಅಂದರೆ ಚರ್ಚಿನ, ಪಕ್ಕದಲ್ಲೇ ಇರುವ ಅನುದಾನಿತ ಕನ್ನಡ ಮಾಧ್ಯಮ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕಿ (ಎಚ್‌.ಎಂ.) ನಾನು. ಇಗರ್ಜಿಯ ಧರ್ಮಗುರುಗಳೇ ಶಾಲೆಯ ಸಂಚಾಲಕರು. ಮಂಜೂರಾದ ಹುದ್ದೆಯವರಿಗೆ ಸರಕಾರದ ಸಂಬಳ, ಉಳಿದ ಶಿಕ್ಷಕಿಯರಿಗೆ ಆಡಳಿತ ಮಂಡಳಿ ಮತ್ತು ಶಿಕ್ಷಕ–ರಕ್ಷಕ ಸಂಘ ಸೇರಿ ಕೊಡುವ ಗೌರವಧನ. ಹೆಸರಿಗೆ ಕ್ರೈಸ್ತ ಶಾಲೆಯಾದರೂ ತರಗತಿಯಲ್ಲಿ ಕೂತವರನ್ನು ನೋಡಿದರೆ ಕಥೊಲಿಕ್ ಮಕ್ಕಳು ಬೆರಳೆಣಿಕೆಯಷ್ಟು. ತುಳು ಮಾತಾಡುವ ಮನೆಯವರು, ಬ್ಯಾರಿ ಮಾತಾಡುವ ಮುಸ್ಲಿಂ ಮನೆಯವರು ಹೆಚ್ಚು. ಈಚಿನ ವರ್ಷಗಳಲ್ಲಿ ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ, ಕಲ್ಲಿನ ಕೋರೆಗೆ ಬಂದವರ ಮಕ್ಕಳಿಂದಲೇ ಒಂದೆರಡು ತರಗತಿ ತುಂಬಿವೆ. ಅವರು ಬಾರದಿದ್ದರೆ ಈ ಭಾಗದ ಎಷ್ಟೋ ಕನ್ನಡ ಶಾಲೆಗಳಿಗೆ ಬೀಗ ಬೀಳುತ್ತಿತ್ತು ಎಂಬುದನ್ನು ನಾವು ಶಿಕ್ಷಕರು ಬಾಯಿಬಿಟ್ಟು ಹೇಳಬೇಕು.

ಹೊಸದಾಗಿ ಎಚ್‌.ಎಂ. ಆದ ಕಿರಿಯರು ಕ್ಲಸ್ಟರ್ ಸಭೆಯಲ್ಲಿ ಸಿಕ್ಕಾಗ ಕೇಳುತ್ತಾರೆ, "ಟೀಚರ್, ಶಾಲೆ ಸುರುವಾಗುವ ದಿನ ನಿಮ್ಮಲ್ಲಿ ಎಂತ ಮಾಡ್ತೀರಿ?" ಎಂದು. ನನ್ನ ಉತ್ತರ ಯಾವಾಗಲೂ ಹಿಂದಿನ ದಿನದಿಂದ ಶುರುವಾಗುತ್ತದೆ. ಯಾರೂ ಬರಮಾಡಿಕೊಳ್ಳದ ಟೀಚರ್ ಮಾರನೆಯ ದಿನ ನಲವತ್ತು ಮಕ್ಕಳನ್ನು ಬರಮಾಡಿಕೊಳ್ಳಬೇಕು ಎಂದು ಬಯಸುವುದು ನ್ಯಾಯವಲ್ಲ.

ಆ ಹಿಂದಿನ ದಿನ ಬೆಳಿಗ್ಗೆ ಇಗರ್ಜಿಯಲ್ಲಿ ಪವಿತ್ರಾತ್ಮರ ಹೆಸರಿನಲ್ಲಿ ಬಲಿಪೂಜೆ ಇರುತ್ತದೆ. ಶೈಕ್ಷಣಿಕ ವರ್ಷವನ್ನು ಹೀಗೆ ಆರಂಭಿಸುವುದು ಕಥೊಲಿಕ್ ವಿದ್ಯಾಸಂಸ್ಥೆಗಳಲ್ಲಿ ಬಹಳ ಹಳೆಯ ಪದ್ಧತಿ. ಪವಿತ್ರಾತ್ಮರು ಶಿಷ್ಯರ ಮೇಲೆ ಇಳಿದುಬಂದ ನೆನಪಿನ ಪೆಂತೆಕೋಸ್ತ್ ಹಬ್ಬ ಪಾಸ್ಖ (ಈಸ್ಟರ್) ಹಬ್ಬಕ್ಕೆ ಏಳು ವಾರ ಕಳೆದು ಬರುವುದರಿಂದ ಸಾಮಾನ್ಯವಾಗಿ ಶಾಲೆ ತೆರೆಯುವ ಆಸುಪಾಸಿನಲ್ಲೇ ಬೀಳುತ್ತದೆ. ಆ ಹಬ್ಬದ ವಾಚನ ನನಗೆ ತುಂಬ ಇಷ್ಟ: ಜೆರುಸಲೇಮಿನಲ್ಲಿ ಸೇರಿದ್ದ ನಾನಾ ದೇಶದವರು ಶಿಷ್ಯರ ಮಾತನ್ನು ತಂತಮ್ಮ ಮನೆಮಾತಿನಲ್ಲೇ ಕೇಳಿಸಿಕೊಂಡರು ಎಂಬ ಪ್ರಸಂಗ. ನಮ್ಮಂಥ ಶಾಲೆಗೆ ಇದಕ್ಕಿಂತ ಹೊಂದುವ ವಾಚನ ಇಲ್ಲ. ಕ್ರೈಸ್ತರಲ್ಲದ ಶಿಕ್ಷಕಿಯರು ಮನಸ್ಸಿದ್ದರೆ ಪೂಜೆಗೆ ಬರುತ್ತಾರೆ, ಇಲ್ಲದಿದ್ದರೆ ನೇರ ಹತ್ತು ಗಂಟೆಗೆ ಶಾಲೆಗೆ. ಯಾರು ಬಂದರು, ಯಾರು ಬರಲಿಲ್ಲ ಎಂದು ನಾನು ನೋಡುವುದಿಲ್ಲ, ಫಾದರ್ ಕೂಡ ಕೇಳುವುದಿಲ್ಲ.

ಹತ್ತು ಗಂಟೆಗೆ ಚಾ, ಗೋಳಿಬಜೆ. ಸುತ್ತೋಲೆ ಓದುವುದು, ಕೆಲಸ ಹಂಚುವುದು ಎಲ್ಲ ಆಮೇಲೆ. ಅದಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಮೇಜಿನ ಬಳಿ ಹೋಗುತ್ತಾರೆ. ಎರಡು ತಿಂಗಳು ಮುಚ್ಚಿದ್ದ ಸ್ಟಾಫ್ ರೂಮಿನ ಮೇಜುಗಳನ್ನು ಅಟೆಂಡರ್ ಮತ್ತು ನಾನು ಮೊದಲೇ ಒರೆಸಿ ಇಟ್ಟಿರುತ್ತೇವೆ. ಡ್ರಾಯರಿನೊಳಗೆ ಹಾಜರಿ ಪುಸ್ತಕ, ಪಾಠಟಿಪ್ಪಣಿಗೆ ಹೊಸ ಪುಸ್ತಕ, ಸೀಮೆಸುಣ್ಣದ ಪೆಟ್ಟಿಗೆ, ಡಸ್ಟರ್, ಕಪಾಟಿನ ಕೀಲಿಕೈ. ಕೀಲಿಕೈಗೆ ಆಯಾ ಟೀಚರ ಹೆಸರಿನ ಚೀಟಿ. ಹೊಸಬರಿಗೆ ಇದು ಎಷ್ಟು ಮುಖ್ಯ ಎಂಬುದು ಒಂದು ವಾರ ಇನ್ನೊಬ್ಬರ ಮೇಜಿನ ಮೂಲೆಯಲ್ಲಿ ಬ್ಯಾಗು ಇಟ್ಟು ಕೆಲಸ ಮಾಡಿದವರಿಗೆ ಗೊತ್ತು.

ಗೌರವ ಶಿಕ್ಷಕಿಯರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಜಾಗ ವರ್ಷಗಟ್ಟಲೆ ಖಾಲಿ ಇರುತ್ತದೆ. ಆ ಪಾಠಗಳನ್ನೆಲ್ಲ ನಡೆಸುವವರು ಈ ಹುಡುಗಿಯರೇ. ಡಿ.ಇಡಿ., ಬಿ.ಇಡಿ. ಮಾಡಿಕೊಂಡು, ಸರಕಾರಿ ಸಂಬಳದವರ ಕಾಲುಭಾಗವೂ ಇಲ್ಲದ ಗೌರವಧನಕ್ಕೆ ಅಷ್ಟೇ ಪಾಠ ಮಾಡುತ್ತಾರೆ. ಆ ಅಂತರ ಮುಚ್ಚುವುದು ನನ್ನ ಕೈಯಲ್ಲಿಲ್ಲ. ಕೈಯಲ್ಲಿ ಇರುವುದನ್ನಾದರೂ ಮಾಡಬೇಕಲ್ಲ. ಬೇಸಗೆ ರಜೆಯ ಎರಡು ತಿಂಗಳು ಅವರಿಗೆ ಗೌರವಧನ ಇರುವುದಿಲ್ಲ. ಜೂನ್ ತಿಂಗಳದ್ದು ಕೈಗೆ ಬರುವುದು ಜುಲೈಗೆ. ಅಂದರೆ ಶಾಲೆ ಶುರುವಾಗುವಾಗ, ಬಸ್ಸಿನ ಖರ್ಚು, ಹೊಸ ಚಪ್ಪಲಿ, ತಮ್ಮದೇ ಮಕ್ಕಳ ಪುಸ್ತಕ ಎಂದು ದುಡ್ಡು ಬೇಕಾದ ಹೊತ್ತಿನಲ್ಲಿ, ಅವರ ಕೈ ಪೂರ್ತಿ ಖಾಲಿ. ಇದನ್ನು ಫಾದರ್ ಮತ್ತು ಶಿಕ್ಷಕ–ರಕ್ಷಕ ಸಂಘದ ಅಧ್ಯಕ್ಷರ ಮುಂದೆ ಲೆಕ್ಕ ಬರೆದು ತೋರಿಸಿದೆ. ಈಗ ಜೂನ್ ಗೌರವಧನದ ಅರ್ಧಭಾಗವನ್ನು ಶಾಲೆ ತೆರೆಯುವ ಮುಂಚಿನ ದಿನವೇ ಲಕೋಟೆಯಲ್ಲಿ ಹಾಕಿ, ಅದೇ ಡ್ರಾಯರಿನಲ್ಲಿ ಇಡುತ್ತೇವೆ. ಎಲ್ಲರ ಎದುರು ಕರೆದು ಕೊಡುವುದಿಲ್ಲ. ನನ್ನ ಅನುಭವದಲ್ಲಿ ಹೂಗುಚ್ಛಕ್ಕಿಂತ, ಶಾಲಿಗಿಂತ ದೊಡ್ಡ ಸ್ವಾಗತ ಇದು.

ವೇಳಾಪಟ್ಟಿಯಲ್ಲೂ ಅಷ್ಟೆ. ಯಾರಿಗೂ ಬೇಡವಾದ ತರಗತಿ, ಊಟದ ನಂತರದ ಪೀರಿಯಡ್ಡು, ರಜೆ ಹಾಕಿದವರ ಬದಲಿ ಕೆಲಸ ಎಲ್ಲ ಹೊಸಬರ ತಲೆಗೆ ಬೀಳುವುದು ಶಾಲೆಗಳಲ್ಲಿ ರೂಢಿ. ನಾನು ಒಂದನೆಯ ತರಗತಿಯನ್ನು ಯಾವತ್ತೂ ಅತ್ಯಂತ ಅನುಭವಿ ಟೀಚರ ಕೈಗೇ ಕೊಡುತ್ತೇನೆ. ಹೊಸಬರಿಗೆ ಮೊದಲ ವಾರ ದಿನಕ್ಕೊಂದು ಪೀರಿಯಡ್ ಹಿರಿಯರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟಿರುತ್ತೇನೆ. ಆ ಹೊತ್ತಿಗೆ ಅವರ ತರಗತಿಗೆ ನಾನು ಹೋಗುತ್ತೇನೆ. ಹೊಸ ತರಗತಿಯ ಮಕ್ಕಳನ್ನು ನೋಡಲು ನನಗೂ ಅದೊಂದು ದಾರಿ.

ಮಧ್ಯಾಹ್ನ ಊಟದ ನಂತರ ಹೊಸಬರಿಗೆ ಸಂಸ್ಥೆಯ ಚರಿತ್ರೆ ಹೇಳುತ್ತೇನೆ. ಆಫೀಸಿನ ಗೋಡೆಯ ಹಳೆಯ ಫೋಟೋಗಳ ಎದುರು ನಿಂತು ಹೇಳುವುದು ನನ್ನ ಕ್ರಮ. ಈ ಜಿಲ್ಲೆಯಲ್ಲಿ ಕ್ರೈಸ್ತ ಶಾಲೆ ಎಂಬುದು ಎಲ್ಲಿಂದ ಬಂತು ಎಂಬುದರಿಂದ ಶುರು. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂತು. 1836ರಲ್ಲಿ ಅವರು ಅಲ್ಲಿ ಕನ್ನಡ ಶಾಲೆ ತೆರೆದರು. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಬಂದು ಹೆಣ್ಣುಮಕ್ಕಳ ಓದಿಗೆ ಬಾಗಿಲು ತೆರೆದರು. 1878ರಲ್ಲಿ ಬಂದ ಇಟಲಿಯ ಯೇಸುಸಭೆಯ (ಜೆಸ್ವಿಟ್) ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಕಟ್ಟಿದರು. ಇದೆಲ್ಲ ನಮ್ಮ ಶಿಕ್ಷಕಿಯರು ಕೇಳಿರುವಂಥದ್ದೇ. ನಾನು ಒತ್ತಿ ಹೇಳುವುದು ಬೇರೆ. ಬಾಸೆಲ್ ಮಿಶನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ್ದೂ, ಫರ್ಡಿನಾಂಡ್ ಕಿಟೆಲ್ ದಶಕಗಟ್ಟಲೆ ದುಡಿದು 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟದ್ದೂ ಜರ್ಮನಿಯಿಂದ ಬಂದು ಇಲ್ಲಿನವರ ಮಾತನ್ನು ಅಕ್ಷರ ಅಕ್ಷರ ಕಲಿತ ಮೇಲೆ. ಅಷ್ಟು ದೂರದವರು ನಮ್ಮ ಅಜ್ಜ–ಅಜ್ಜಿಯರ ಮಾತು ಕಲಿತರು. ಬಂಟ್ವಾಳದ ಟೀಚರ್ ಕೊಪ್ಪಳದ ಮಗುವಿನ ಹತ್ತು ಮಾತು ಕಲಿಯಬಹುದು. ಕನ್ನಡದ್ದೇ ಇನ್ನೊಂದು ರೂಪ ತಾನೇ ಅದು.

ಈ ಮಾತು ನನ್ನ ಮನಸ್ಸಿನಲ್ಲಿ ಗಟ್ಟಿಯಾದದ್ದು ಒಂದು ಪ್ರಾರಂಭೋತ್ಸವದ ದಿನ. ಗೇಟಿನ ಹತ್ತಿರ ಒಬ್ಬ ಹುಡುಗ ತಾಯಿಯ ಸೆರಗು ಹಿಡಿದು ಅಳುತ್ತಿದ್ದ. ತಾಯಿ ಕಟ್ಟಡದ ಕೆಲಸದವಳು. ಪಿಕಪ್ ಗಾಡಿ ಬಂದು ನಿಂತಿತ್ತು, ಹೋಗದಿದ್ದರೆ ಆ ದಿನದ ಕೂಲಿ ಹೋಯಿತು. ನಮ್ಮ ಟೀಚರ್ ಪ್ರೀತಿಯಿಂದಲೇ ಬಗ್ಗಿ, "ಎಂತಕ್ಕೆ ಅಳುವುದು ಮಾರಾಯ? ಇಲ್ಲಿ ಬಾ, ಎಷ್ಟು ಮಕ್ಕಳಿದ್ದಾರೆ ನೋಡು" ಎಂದರು. ಅವನು ಇನ್ನೂ ಜೋರಾಗಿ ಅತ್ತ. ಅಷ್ಟರಲ್ಲಿ ಅಡುಗೆ ಕೋಣೆಯಿಂದ ನಮ್ಮ ಬಿಸಿಯೂಟದ ಅಕ್ಕ ಸೌಟು ಹಿಡಿದುಕೊಂಡೇ ಬಂದಳು. ಅವಳೂ ಬಾದಾಮಿ ಕಡೆಯವಳು, ಮದುವೆಯಾಗಿ ಇಲ್ಲೇ ನೆಲೆಸಿದವಳು. "ಯಾಕಪಾ, ಯಾಕ ಅಳಾಕತ್ತಿ? ಯಾವೂರ ನಿಮ್ಮದು? ನಿಮ್ಮವ್ವ ಸಂಜೀಕ ಬರ್ತಾಳ, ಬಾ ನನ್ನ ಕೂಡ, ಪಾಯಸ ಮಾಡೀನಿ ನೋಡೂಣು" ಎಂದಳು. ಹುಡುಗ ಬಾಯಿ ಮುಚ್ಚಿ ಅವಳ ಮುಖ ನೋಡಿದ. ಸೆರಗು ಬಿಟ್ಟ. ತಾಯಿ ಕಣ್ಣೊರೆಸಿಕೊಂಡು ಗಾಡಿ ಹತ್ತಿದಳು. ಆ ಹುಡುಗ ಆ ವಾರವೆಲ್ಲ ತರಗತಿಗಿಂತ ಹೆಚ್ಚು ಅಡುಗೆ ಕೋಣೆಯ ಬಾಗಿಲಲ್ಲೇ ಇದ್ದ. ಇರಲಿ ಎಂದು ಬಿಟ್ಟೆವು. ಅಕ್ಕಿ ಆರಿಸುವ ಅಕ್ಕನ ಪಕ್ಕದಲ್ಲಿ ಕೂತು ಅವನು ಸ್ಲೇಟಿನ ಮೇಲೆ 'ರ' ಬರೆದ.

ಅಂದಿನಿಂದ ಅಡುಗೆಯ ಅಕ್ಕಂದಿರು ಹಿಂದಿನ ದಿನದ ಸಭೆಯಲ್ಲಿ ಶಿಕ್ಷಕರ ಸಾಲಿನಲ್ಲೇ ಕೂರುತ್ತಾರೆ. ಒಂದು ನೋಟ್‌ಬುಕ್ಕೂ ಮಾಡಿದ್ದೇವೆ. ಮಗು ಮೊದಲ ವಾರದಲ್ಲಿ ಹೇಳಬಹುದಾದ ಮಾತುಗಳು ಅದರಲ್ಲಿವೆ: ಬಾಯಾರಿಕೆ, ಹೊಟ್ಟೆನೋವು, ಒಂದಕ್ಕೆ ಹೋಗಬೇಕು, ಅವನು ಹೊಡೆದ, ಅಮ್ಮ ಬೇಕು. ತುಳುವಿನ ಮಗು 'ಬಂಜಿ ಬೇನೆ' ಎನ್ನುತ್ತದೆ, ಕೊಂಕಣಿ ಮನೆಯದು 'ಪೊಟಾಂತ್ ದುಕ್ತಾ' ಎನ್ನುತ್ತದೆ. ಗದಗದ ಮಗು 'ಹೊಟ್ಟಿ ಕಡಿಯಾಕತ್ತೈತ್ರೀ' ಎಂದರೆ ನಮ್ಮ ಕಡೆಯವರು ಯಾವ ಹುಳ ಕಚ್ಚಿತೋ ಎಂದು ಅಂಗಿ ಎತ್ತಿ ಹುಡುಕುತ್ತಾರೆ. ಬ್ಯಾರಿ ಮಾತಿಗೆ ಏಳನೆಯ ತರಗತಿಯ ಹುಡುಗಿಯರೇ ನಮಗೆ ಗುರುಗಳು. ಪ್ರತಿ ವರ್ಷ ಒಂದಿಷ್ಟು ಹೊಸ ಮಾತು ಸೇರುತ್ತವೆ. ಹೊಸ ಟೀಚರಿಗೆ ಕೀಲಿಕೈ ಜೊತೆ ಈ ಪುಸ್ತಕದ ಪ್ರತಿಯೂ ಸಿಗುತ್ತದೆ.

ಮಕ್ಕಳು ಬರುವ ದಿನದ ತಯಾರಿ ಮೇ ತಿಂಗಳಲ್ಲೇ ಆಗಬೇಕು. ಊರಿನ ಅಂಗನವಾಡಿಗೆ ಹೋಗಿ, ಒಂದನೆಗೆ ಸೇರುವ ಮಕ್ಕಳ ಪಟ್ಟಿ ಮಾಡಿಕೊಳ್ಳುವಾಗ ನಾನು ಒಂದು ಪ್ರಶ್ನೆ ತಪ್ಪದೆ ಕೇಳುತ್ತೇನೆ: ಮನೆಯಲ್ಲಿ ಎಂತ ಹೇಳಿ ಕರೆಯುವುದು? ಜನನ ಪ್ರಮಾಣಪತ್ರದಲ್ಲಿ ಇರುವ ಉದ್ದ ಹೆಸರನ್ನು ಮಗು ಹುಟ್ಟಿದಂದಿನಿಂದ ಒಮ್ಮೆಯೂ ಕೇಳಿರುವುದಿಲ್ಲ. ಅಪ್ಪು, ಪುಟ್ಟ, ಬಾಬು, ಚಿನ್ನು ಎಂದಷ್ಟೇ ಗೊತ್ತು. ಹಾಜರಿ ಕರೆದಾಗ ಉತ್ತರ ಕೊಡದೆ ಕೂತ ಮಗುವನ್ನು ಮಂದ ಎಂದು ತಿಳಿದುಕೊಳ್ಳುವವರಿದ್ದಾರೆ. ಪಾಪ, ಅದಕ್ಕೆ ಕರೆಯುತ್ತಿರುವುದು ತನ್ನನ್ನು ಎಂದೇ ಗೊತ್ತಿಲ್ಲ. ನಮ್ಮ ಒಂದನೆಯ ತರಗತಿಯಲ್ಲಿ ಮೊದಲ ಎರಡು ವಾರ ಮನೆಯ ಹೆಸರು, ಶಾಲೆಯ ಹೆಸರು ಎರಡನ್ನೂ ಸೇರಿಸಿ ಕರೆಯುತ್ತಾರೆ.

ಆ ದಿನ ಗೇಟಿನಲ್ಲಿ ನಿಲ್ಲುವವರು ಏಳನೆಯ ತರಗತಿಯವರು. ಒಂದನೆಯ ಒಂದೊಂದು ಮಗುವಿಗೂ ಒಬ್ಬ ಅಣ್ಣ ಅಥವಾ ಅಕ್ಕ ಗೊತ್ತುಮಾಡಿರುತ್ತೇವೆ. ಸಾಧ್ಯವಾದಷ್ಟೂ ಅದೇ ಮನೆಮಾತಿನವರು. ಕೊಡೆ ಮಡಚಿ ಎಲ್ಲಿಡುವುದು, ಚಪ್ಪಲಿ ಎಲ್ಲಿ ಬಿಡುವುದು, ನಲ್ಲಿ ಎಲ್ಲಿ, ಶೌಚಾಲಯ ಎಲ್ಲಿ, ಬಾಗಿಲ ಚಿಲಕ ಹೇಗೆ ಹಾಕುವುದು, ಎಲ್ಲ ಅವರ ಜವಾಬ್ದಾರಿ. ಜೂನ್ ಮುಗಿಯುವ ತನಕ ಊಟಕ್ಕೆ ಕೂರುವಾಗಲೂ ಪಕ್ಕದಲ್ಲಿ ಅವರೇ. ಹಿಂದಿನ ವರ್ಷ ಬೆಂಚು ಮುರಿದು ಬೈಗುಳ ತಿಂದ ಹುಡುಗರಿಗೇ ನಾನು ಬೇಕೆಂದು ಈ ಕೆಲಸ ಕೊಡುತ್ತೇನೆ. ಕೈಯಲ್ಲೊಂದು ಪುಟ್ಟ ಕೈ ಇದ್ದಾಗ ಅವರ ನಡಿಗೆಯೇ ಬದಲಾಗುತ್ತದೆ, ಮೆಟ್ಟಿಲನ್ನು ಒಂದೊಂದೇ ಇಳಿಯುತ್ತಾರೆ.

ಭಾಷಣ ಇಲ್ಲ. ಪಂಚಾಯತ್ ಸದಸ್ಯರು, ಸಂಘದ ಅಧ್ಯಕ್ಷರು, ಹಳೆ ವಿದ್ಯಾರ್ಥಿಗಳು ಬಂದರೆ ಅವರಿಗೆ ಪಾಯಸ ಬಡಿಸುವ ಕೆಲಸ. ಅವರಿಗೂ ಅದೇ ಖುಷಿ. ಶುಲ್ಕ, ನೋಟ್‌ಪುಸ್ತಕ, ಆಟೋ ಬಾಡಿಗೆ ಯಾವುದರ ಮಾತನ್ನೂ ಆ ದಿನ ತೆಗೆಯಬಾರದು ಎಂಬುದು ನಮ್ಮ ನಿಯಮ. ಪಠ್ಯಪುಸ್ತಕ ಅನುದಾನಿತ ಶಾಲೆಯ ಮಕ್ಕಳಿಗೂ ಸರಕಾರದಿಂದ ಸಿಗುತ್ತದೆ, ಬಿಸಿಯೂಟ, ಹಾಲು, ಮೊಟ್ಟೆ, ಮೊಟ್ಟೆ ಬೇಡ ಎನ್ನುವವರಿಗೆ ಬಾಳೆಹಣ್ಣು ಎಲ್ಲ ಉಂಟು. ಸಮವಸ್ತ್ರ ಮಾತ್ರ ಹೆತ್ತವರೇ ಹೊಲಿಸಬೇಕು. ದಿನಗೂಲಿಯವರಿಗೆ ಜೂನ್ ತಿಂಗಳಲ್ಲಿ ಅದು ಕಷ್ಟ, ಮಳೆಗೆ ಕೆಲಸವೂ ಕಡಿಮೆ. ಹಾಗಾಗಿ ಏಪ್ರಿಲ್‌ನಲ್ಲಿ ಶಾಲೆ ಬಿಟ್ಟು ಹೋಗುವವರ, ಬೆಳೆದು ಗಿಡ್ಡವಾದವರ ಸಮವಸ್ತ್ರಗಳನ್ನು ಕೇಳಿ ತೆಗೆದುಕೊಳ್ಳುತ್ತೇವೆ. ಕಾನ್ವೆಂಟಿನ ಸಿಸ್ಟರ್ ಒಬ್ಬರು ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ಇಡುತ್ತಾರೆ. ಬೇಕಾದವರ ಮನೆಗೆ ಸಂಜೆ ಹೊತ್ತು ನಾವೇ ತಲುಪಿಸುತ್ತೇವೆ. ಬಣ್ಣದ ಅಂಗಿಯಲ್ಲಿ ಬಂದ ಮಗುವನ್ನು ಅಸೆಂಬ್ಲಿಯಲ್ಲಿ ಬೇರೆ ನಿಲ್ಲಿಸುವುದಂತೂ ನಮ್ಮಲ್ಲಿ ಇಲ್ಲವೇ ಇಲ್ಲ.

ಈಗ ಪ್ರಾರ್ಥನೆಯ ವಿಷಯ. ಕ್ರೈಸ್ತ ಶಾಲೆಗೆ ಮಗುವನ್ನು ಸೇರಿಸುವಾಗ ಬೇರೆ ಧರ್ಮದ ಹೆತ್ತವರ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ ಇದೇ, ಆದರೆ ಕೇಳಲು ಹಿಂಜರಿಯುತ್ತಾರೆ. ಅವರು ಕೇಳುವ ತನಕ ಕಾಯದೆ ನಾನೇ ಹೇಳುತ್ತೇನೆ. ಮೊದಲ ಪೋಷಕರ ಸಭೆಯಲ್ಲಿ ಸಂವಿಧಾನದ 28ನೇ ವಿಧಿಯ ಮೂರನೇ ಖಂಡದ ಸಾರವನ್ನು ಸರಳ ಕನ್ನಡದಲ್ಲಿ ತಿಳಿಸುತ್ತೇನೆ: ಸರಕಾರದ ಮಾನ್ಯತೆ ಅಥವಾ ಅನುದಾನ ಇರುವ ಯಾವ ಶಾಲೆಯೂ ಹೆತ್ತವರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ, ಪೂಜೆಗೆ ಸೇರಿಸಿಕೊಳ್ಳುವಂತಿಲ್ಲ. 30ನೇ ವಿಧಿ ಅಲ್ಪಸಂಖ್ಯಾತರಾದ ನಮಗೆ ಶಾಲೆ ನಡೆಸುವ ಹಕ್ಕು ಕೊಟ್ಟಿದೆ, 28ನೇ ವಿಧಿ ಅವರ ಮಗುವಿಗೆ ರಕ್ಷಣೆ ಕೊಟ್ಟಿದೆ. ಎರಡನ್ನೂ ಒಟ್ಟಿಗೆ ಹೇಳಿದಾಗ ಸಭೆಯಲ್ಲಿ ಬಿಗಿಯಾಗಿ ಕೂತವರು ಸ್ವಲ್ಪ ಸಡಿಲಾಗುವುದು ಎದುರು ನಿಂತವಳಿಗೆ ಕಾಣುತ್ತದೆ.

ನಮ್ಮ ಅಸೆಂಬ್ಲಿಯಲ್ಲಿ ಒಂದು ನಿಮಿಷ ಮೌನ, ಯಾವ ಮನೆಯ ಮಗುವೂ ಹೇಳಬಹುದಾದ ಒಂದು ಸಣ್ಣ ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪ್ರಸ್ತಾವನೆಯ ಓದು, ದಿನದ ಸುದ್ದಿ. ಕಥೊಲಿಕ್ ಮಕ್ಕಳಿಗೆ ಧರ್ಮೋಪದೇಶದ ಪೀರಿಯಡ್ ಇರುವಾಗ ಉಳಿದವರಿಗೆ ಮೌಲ್ಯಶಿಕ್ಷಣ. ಹಾಗೆಂದು ನಾವು ಯಾರು ಎಂಬುದನ್ನು ಬಚ್ಚಿಡುವುದಿಲ್ಲ. ಆಫೀಸಿನಲ್ಲಿ ಶಿಲುಬೆ ಇದೆ. ಜೂನ್ 21ಕ್ಕೆ ಯುವಜನರ ಪಾಲಕ ಸಂತ ಅಲೋಶಿಯಸ್ ಗೊನ್ಸಾಗರ ಹಬ್ಬ ಬಂದಾಗ, ರೋಮಿನಲ್ಲಿ ಪ್ಲೇಗ್ ಬಂದ ಕಾಲಕ್ಕೆ ರೋಗಿಗಳ ಸೇವೆ ಮಾಡುತ್ತಾ ಇಪ್ಪತ್ತಮೂರರ ಹರೆಯದಲ್ಲೇ ತೀರಿಕೊಂಡ ಅವರ ಕಥೆಯನ್ನು ಎಲ್ಲ ಮಕ್ಕಳಿಗೂ ಹೇಳುತ್ತೇವೆ. ಒಂದು ಬಾರಿ ಬ್ಯಾರಿ ತಂದೆಯೊಬ್ಬರು ಸಭೆ ಮುಗಿದ ಮೇಲೆ ಹತ್ತಿರ ಬಂದು ಕೇಳಿದರು, "ಟೀಚರ್, ಪ್ರಾರ್ಥನೆಗೆ ನಮ್ಮ ಮಗ ಕೈ ಮುಗಿಯಲೇ ಬೇಕಾ?" ನಾನೆಂದೆ, "ಬೇಡ ಸಾಹೇಬ್ರೇ. ಕೈ ಕಟ್ಟಿ ನಿಂತ್ರೂ ಆಯ್ತು, ಸುಮ್ಮನೆ ನಿಂತ್ರೂ ಆಯ್ತು. ಪಕ್ಕದವನಿಗೆ ತೊಂದರೆ ಆಗದ ಹಾಗೆ ನಿಂತ್ರೆ ಸಾಕು." ಅವರ ಮೂವರು ಮಕ್ಕಳೂ ನಮ್ಮಲ್ಲೇ ಏಳನೆಯ ತನಕ ಓದಿದರು. ಯಾರನ್ನೂ ಒತ್ತಾಯಿಸದೆ ಇರುವುದು ಸರಕಾರದ ಭಯದಿಂದ ಎಂದು ಯಾರಾದರೂ ತಿಳಿದರೆ ನನಗೆ ನೋವಾಗುತ್ತದೆ. ಒತ್ತಾಯದಿಂದ ಬಂದ ಪ್ರಾರ್ಥನೆ ದೇವರಿಗೆ ಮುಟ್ಟುತ್ತದೆ ಎಂದು ನಾನು ನಂಬುವುದಿಲ್ಲ, ನನ್ನ ವಿಶ್ವಾಸವೇ ನನಗೆ ಹಾಗೆ ಕಲಿಸಿದ್ದು.

ಮೊದಲ ವಾರ ಸೇತುಬಂಧ ನಡೆಯುತ್ತದೆ. ಹಿಂದಿನ ವರ್ಷದ ಕಲಿಕೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡುವುದು ಅದು, ಅದರ ಬಗ್ಗೆ ಎಲ್ಲ ಶಿಕ್ಷಕರಿಗೂ ಗೊತ್ತು. ಎರಡನೆಯ ವಾರಕ್ಕೆ ಮಳೆ ಜೋರಾಗಿ ಜಿಲ್ಲಾಧಿಕಾರಿಗಳ ರಜೆ ಬರುತ್ತದೆ. ರಜೆ ಮುಗಿದು ಬಂದ ಪುಟ್ಟ ಮಕ್ಕಳು ಗೇಟಿನಲ್ಲಿ ಪುನಃ ಅಳುತ್ತಾರೆ. ಅಣ್ಣ–ಅಕ್ಕಂದಿರನ್ನು ಒಂದು ತಿಂಗಳು ಜೊತೆಗಿಡುವುದು ಇದಕ್ಕಾಗಿಯೇ.

ಇನ್ನು ತಡವಾಗಿ ಬರುವವರು. ಉತ್ತರ ಕರ್ನಾಟಕದ ಕುಟುಂಬಗಳು ಮುಂಗಾರು ಬಿತ್ತನೆಗೆ ಊರಿಗೆ ಹೋಗುತ್ತವೆ. ಹೊಲದ ಕೆಲಸ ಮುಗಿಸಿ ಅವರು ವಾಪಸು ಬರುವುದು ಜುಲೈಗೆ, ಕೆಲವರು ಆಗಸ್ಟ್‌ಗೆ. ಆ ಹೊತ್ತಿಗೆ ತೋರಣ ಒಣಗಿ ಹೋಗಿದೆ, ಪಾಯಸ ಮುಗಿದಿದೆ, ಬೆಂಚಿನಲ್ಲಿ ಎಲ್ಲರ ಜಾಗ ಗಟ್ಟಿಯಾಗಿದೆ. ಆಗ ಬಂದ ಮಗುವಿಗೆ ಶಾಲೆಯ ಮೊದಲ ಮಾತು "ಟಿ.ಸಿ. ಎಲ್ಲಿ?" ಎಂದಾದರೆ ಅದು ಒಳಗೆ ಬರುವುದೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಬಾರದು ಎನ್ನುತ್ತದೆ. 2014ರಲ್ಲಿ ಪ್ರಮತಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ ಎಂದಿತು. ಅದನ್ನು ಹಿಡಿದುಕೊಂಡು, ನಮಗೆ ಆ ಬಾಧ್ಯತೆ ಇಲ್ಲ ಎಂದು ಹೇಳುವವರನ್ನು ಕಂಡಿದ್ದೇನೆ. ಕೋರ್ಟು ನಮ್ಮ ಸಂಸ್ಥೆಗಳ ಸ್ವಾಯತ್ತತೆ ಉಳಿಸಿಕೊಟ್ಟದ್ದು ಬಡವರ ಮಕ್ಕಳನ್ನು ಗೇಟಿನಲ್ಲಿ ನಿಲ್ಲಿಸಲಿ ಎಂದಲ್ಲ. ಮತ್ತಾಯನ ಶುಭಸಂದೇಶದಲ್ಲಿ ದ್ರಾಕ್ಷಿತೋಟದ ಯಜಮಾನ ಸಂಜೆ ಐದು ಗಂಟೆಗೆ ಬಂದ ಕೂಲಿಯವನಿಗೂ ಬೆಳಿಗ್ಗೆ ಬಂದವನಷ್ಟೇ ಕೂಲಿ ಕೊಡುತ್ತಾನೆ. ಹತ್ತನೆಯ ಸಲ ಕೇಳಿದರೂ ಆ ಕಥೆಯ ಎದುರು ನನ್ನ ಯಾವ ನೆಪವೂ ನಿಲ್ಲುವುದಿಲ್ಲ.

ಹಾಗಾಗಿ ಕ್ರಮ ಹೀಗಿದೆ. ಮಗು ಬಂದ ದಿನವೇ ತರಗತಿಯಲ್ಲಿ ಕೂರುತ್ತದೆ, ಅಂದೇ ಊಟ. ಹಿಂದಿನ ಶಾಲೆಗೆ ನಾನೇ ಫೋನ್ ಮಾಡಿ, ಎಸ್‌.ಎ.ಟಿ.ಎಸ್. ಸಂಖ್ಯೆ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗೆ ಇರುವ ಸಂಖ್ಯೆ) ಕೇಳಿ ಆನ್‌ಲೈನ್‌ನಲ್ಲಿ ವರ್ಗಾಯಿಸಿಕೊಳ್ಳುತ್ತೇನೆ. ಆ ಕಡೆಯ ಮುಖ್ಯ ಗುರುಗಳು ಬಹಳ ಮಂದಿ ಸಹಕರಿಸುತ್ತಾರೆ, "ಹುಡುಗಿ ಗಣಿತದಾಗ ಛಲೋ ಅದಾಳ್ರೀ, ನೋಡ್ಕೋರಿ" ಎಂದು ಹೇಳಿ ಫೋನ್ ಇಟ್ಟವರೂ ಇದ್ದಾರೆ. ಆ ಒಂದು ವಾಕ್ಯವನ್ನು ನಾನು ತರಗತಿ ಶಿಕ್ಷಕಿಗೆ ಅದೇ ಮಾತಿನಲ್ಲಿ ದಾಟಿಸುತ್ತೇನೆ. ಮಾರನೆಯ ಬೆಳಿಗ್ಗೆ ಅಸೆಂಬ್ಲಿಯಲ್ಲಿ ಮಗುವಿನ ಹೆಸರು, ಊರು ಹೇಳಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಣ್ಣ ಅಥವಾ ಅಕ್ಕ ಗೊತ್ತುಮಾಡುವುದು ಇವರಿಗೂ ಉಂಟು. ಆಗಸ್ಟ್ ಕೊನೆಗೆ ಮೊಂತಿ ಹಬ್ಬದ (ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬ) ನೊವೆನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ, ಶುರುವಾದಾಗ ನಮ್ಮ ಮಕ್ಕಳು ಮನೆಯಿಂದ ಹೂ ತರುತ್ತಾರೆ. ಬಾಡಿಗೆ ಶೆಡ್ಡಿನಲ್ಲಿರುವ ಮಕ್ಕಳ ಮನೆ ಮುಂದೆ ಹೂವಿನ ಗಿಡ ಎಲ್ಲಿಂದ ಬರಬೇಕು? ಅವರು ರಸ್ತೆ ಬದಿಯಲ್ಲಿ ಸಿಕ್ಕಿದ ಕಾಡುಹೂ ಕೊಯ್ದು ತರುತ್ತಾರೆ. ತರಲೇಬೇಕೆಂದು ಯಾರೂ ಹೇಳಿರುವುದಿಲ್ಲ. ಎಲ್ಲರ ಹೂವೂ ಒಂದೇ ಬುಟ್ಟಿಗೆ ಬೀಳುತ್ತದೆ.

ತಡವಾಗಿ ಸೇರುವ ಶಿಕ್ಷಕಿಯರೂ ಇರುತ್ತಾರೆ. ಯಾರೋ ಹೆರಿಗೆ ರಜೆಗೆ ಹೋದರೆಂದೋ, ಇನ್ನಾರಿಗೋ ಬೇರೆ ಕಡೆ ಕೆಲಸ ಸಿಕ್ಕಿತೆಂದೋ ಆಗಸ್ಟ್‌ನಲ್ಲಿ ಹೊಸಬರು ಬರುತ್ತಾರೆ. ಅವರಿಗೂ ಮೇಜು ಒರೆಸಿ, ಡ್ರಾಯರಿನಲ್ಲಿ ಎಲ್ಲವನ್ನೂ ಇಟ್ಟು, ಆ ದಿನ ಗೋಳಿಬಜೆ ತರಿಸುತ್ತೇವೆ. ಸ್ಟಾಫ್ ರೂಮಿನಲ್ಲಿ ಈಗ ಇದನ್ನು ನನಗಿಂತ ಮುಂಚೆ ಬೇರೆಯವರೇ ನೆನಪು ಮಾಡುತ್ತಾರೆ.

ಬರುವ ವರ್ಷಕ್ಕೆ ಒಂದು ಕೆಲಸ ಬಾಕಿ ಇದೆ. ಮಕ್ಕಳನ್ನು ಕರೆತರುವ ಆಟೋದ ಅಣ್ಣಂದಿರನ್ನೂ ಹಿಂದಿನ ದಿನದ ಸಭೆಗೆ ಕರೆಯಬೇಕು ಎಂದು ಅಡುಗೆಯ ಅಕ್ಕಂದಿರು ಹೇಳಿದ್ದಾರೆ. ಬೆಳಿಗ್ಗೆ ಮಗುವಿನ ಮುಖ ನಮಗಿಂತ ಮೊದಲು ನೋಡುವವರು ಅವರು, ಅತ್ತು ಬಂತೋ, ತಿಂಡಿ ತಿಂದು ಬಂತೋ ಎಂದು ಮೊದಲು ಗೊತ್ತಾಗುವುದೂ ಅವರಿಗೇ. ಫಾದರ್ ಒಪ್ಪಿದ್ದಾರೆ. ಬೆಳಿಗ್ಗೆಯ ಬಾಡಿಗೆ ಮುಗಿಸಿ ಬರಲು ಅನುಕೂಲವಾಗಲಿ ಎಂದು ಸಭೆಯನ್ನು ಹನ್ನೊಂದು ಗಂಟೆಗೆ ಇಟ್ಟುಕೊಳ್ಳುತ್ತೇವೆ.